ಚೆಂಡಿಗೆ ತಾಗಿದ ಸಿಹಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಬಯಲುಗಳಲ್ಲಿ ಹುಡುಗರು ಚೆಂಡಿನ ಒಂದು ಮಗ್ಗುಲನ್ನು ಉಜ್ಜಿ ಹೊಳಪಿಸುವದನ್ನು ವಾಚಕರು ಕಂಡಿರಬಹುದು. ಹೀಗೆ ಮಾಡಿದರೆ ಚೆಂಡು ಗಾಳಿಯಲ್ಲಿ ಬಾಗುವದು. 2004ನೆಯ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಜಿಂಬಾಬ್ವೆಯ ಎದುರು ಆಡುವಾಗ, ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡರು ಕೆಮ್ಮಿನ ಮಿಠಾಯಿಯ ರಸವನ್ನು ಚೆಂಡಿಗೆ ಹಚ್ಚಿದರೆಂದು ಪಂದ್ಯದ ಸಂಭಾವನೆಯಲ್ಲಿ ಅರ್ಧವನ್ನು ದಂಡವಾಗಿ ಹಿಡಿದರು. ಇದು ವಂಚನೆಯೋ?

ಉಗುಳು ಆಗ ಸಲ್ಲುತ್ತಿತ್ತು. 2020ರ ವ್ಯಾಧಿಯ ಕಾಲದಲ್ಲಿ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅದನ್ನೂ ತಡೆದರು, 2022ರಲ್ಲಿ ಆ ತಡೆಯನ್ನು ಸ್ಥಿರಪಡಿಸಿದರು. ಬೆವರು ಮಾತ್ರ ಸಲ್ಲುತ್ತದೆ. ಹಾಗಾದರೆ ದೋಷವು ವಸ್ತುವಿನಲ್ಲಿಲ್ಲ. ಎದುರಾಳಿಯು ಯಾವ ಕಟ್ಟಳೆಯನ್ನು ನಂಬಿ ನಿಂತನೋ ಅದನ್ನು ಅವನಿಗೆ ಮರೆಯಾಗಿ ಮೀರುವದೇ ವಂಚನೆ. ತೊಗರಿಯ ಚೀಲಕ್ಕೆ ನೀರು ಚಿಮುಕಿಸಿ ತಕ್ಕಡಿಗೇರಿಸುವವನೂ ಎಲ್ಲರೂ ಮಾಡುತ್ತಾರೆ ಅನ್ನುತ್ತಾನೆ. ಕೊಳ್ಳುವವನ ಕಣ್ಣೆದುರಿಗೆ ಚಿಮುಕಿಸುವನೋ? ದ್ರಾವಿಡರಾದರೋ ಕ್ಯಾಮೆರಾಗಳ ಮುಂದೆಯೇ ಹಚ್ಚಿದರು. ದಂಡವು ನ್ಯಾಯವೇ, ಆದಾಗ್ಯೂ ಅವರನ್ನು ಮೋಸಗಾರರೆನ್ನಲು ನಮ್ಮ ಮನಸ್ಸು ಒಪ್ಪದು.