ಅಪ್ಪ ನಿನಗ, ಅವ್ವ ನನಗ

1936ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಸಂಸಾರ ನೌಕಾ’ ಚಿತ್ರದಲ್ಲಿ ಬಿ.ಆರ್. ಪಂತುಲು ಮತ್ತು ಎಂ.ವಿ. ರಾಜಮ್ಮ ಗಂಡ ಹೆಂಡತಿಯಾಗಿ ಕಾಣಿಸಿಕೊಂಡರು. ಅಜ್ಜನ ಮಾತು ಮೀರಿ ಮೆಚ್ಚಿದವಳನ್ನು ಮದುವೆಯಾದ ತಪ್ಪಿಗೆ ಆ ಹುಡುಗ ಮನೆಯಿಂದ ಹೊರಬಿದ್ದ. ಇಪ್ಪತ್ತೆರಡು ವರ್ಷಗಳ ನಂತರ, 1958ರಲ್ಲಿ, ಪಂತುಲು ತಾವೇ ನಿರ್ದೇಶಿಸಿದ ‘ಸ್ಕೂಲ್ ಮಾಸ್ಟರ್’ನಲ್ಲಿ ಅದೇ ಇಬ್ಬರು ಮತ್ತೆ ದಂಪತಿಯಾದರು, ಈ ಸಲ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿಯಾಗಿ. ಇಲ್ಲಿ ಅವರನ್ನು ಅಗಲಿಸುವವರು ಹಿರಿಯರಲ್ಲ, ಹೊಟ್ಟೆಯಲ್ಲಿ ಹುಟ್ಟಿದವರು. ಮನೆ ಕೈತಪ್ಪಿದ ಮೇಲೆ ಅಪ್ಪ ಒಬ್ಬ ಮಗನ ಪಾಲಾಗುತ್ತಾನೆ, ಅವ್ವ ಇನ್ನೊಬ್ಬನ ಪಾಲಾಗುತ್ತಾಳೆ. ಈ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮದುವೆಗೆ ಎರಡು ಕಡೆಯಿಂದ ಕುತ್ತು ಬರುತ್ತದೆ: ಆರಂಭದಲ್ಲಿ ಹಿರಿಯರಿಂದ, ಕೊನೆಯಲ್ಲಿ ಮಕ್ಕಳಿಂದ. ಮೊದಲನೆಯದನ್ನು ಅನ್ಯಾಯವೆಂದು ಕರೆಯಲು ನಾವು ಕಲಿತೆವು. ವಯಸ್ಸಿಗೆ ಬಂದ ಇಬ್ಬರು ಮದುವೆಯಾಗಲು ಮನೆಯವರ ಒಪ್ಪಿಗೆ ಬೇಕಿಲ್ಲವೆಂದು ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಎರಡನೆಯದನ್ನು ಮಾತ್ರ ಇಂದಿಗೂ ಮನೆಯ ವ್ಯವಸ್ಥೆ ಎಂದಷ್ಟೇ ಕರೆಯುತ್ತೇವೆ. ಎಪ್ಪತ್ತರ ವಯಸ್ಸಿನ ಗಂಡ ಹೆಂಡತಿಗೆ ಒಟ್ಟಿಗೆ ಬದುಕುವ ಹಕ್ಕು ಇಪ್ಪತ್ತೈದರವರಿಗಿಂತ ಒಂದು ಗುಂಜಿಯಷ್ಟೂ ಕಡಿಮೆಯಲ್ಲ ಎಂಬುದೇ ನನ್ನ ವಾದ.

ಇದು ಸಿನಿಮಾದ ಕಲ್ಪನೆ ಎನ್ನುವವರು ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳನ್ನು ನೆನೆಯಬೇಕು. ಅಣ್ಣತಮ್ಮಂದಿರು ಬ್ಯಾರೆ ಆಗುವ ದಿನ ದೈವದವರು, ಅಂದರೆ ಊರ ಹಿರಿಯರು, ಕಟ್ಟೆಗೆ ಕೂತು ಹೊಲ, ಎತ್ತು, ಹಗೇವು, ಹಿತ್ತಲ, ಸಾಲ ಎಲ್ಲವನ್ನೂ ಲೆಕ್ಕ ಹಾಕಿ ಪಾಲುಪಟ್ಟಿ ಬರೆಸುತ್ತಾರೆ. ಕೊನೆಗೆ ಉಳಿಯುವುದು ಮುದುಕ, ಮುದುಕಿ. ‘ಅಪ್ಪ ನಿನಗ, ಅವ್ವ ನನಗ’ ಎಂಬ ಮಾತು ಆಗ ಬರುತ್ತದೆ. ದುಡಿಯುವ ಕಸುವು ಇನ್ನೂ ಯಾರಲ್ಲಿದೆ, ಮೊಮ್ಮಕ್ಕಳನ್ನು ಆಡಿಸುವವರು ಯಾರು, ಔಷಧದ ಖರ್ಚು ಯಾರದು ಹೆಚ್ಚು ಎಂಬುದು ಒಳಗೊಳಗೇ ತೂಗಲ್ಪಡುತ್ತದೆ. ಗಂಗಾವತಿ, ಮರಳಿ ಸುತ್ತ ತುಂಗಭದ್ರೆಯ ಎಡದಂಡೆ ಕಾಲುವೆ ಹರಿದು ಭತ್ತ ಬೆಳೆಯುವ ಊರುಗಳಲ್ಲಿ ಎಕರೆಯ ಬೆಲೆ ಏರಿದಂತೆ ಪಾಲಿನ ಅವಸರವೂ ಏರಿತು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಹೊಲಗಳಲ್ಲಿ ಸಜ್ಜೆ, ಹೆಸರು ಕೈಕೊಟ್ಟ ವರ್ಷ ಕಾರಣ ಬೇರೆ. ಮಕ್ಕಳು ಬೆಂಗಳೂರು, ಮಂಗಳೂರು, ಗೋವಾ ಕಡೆ ಗುಳೆ ಹೋಗುವಾಗ ಕೂಸು ನೋಡಿಕೊಳ್ಳಲು ಅವ್ವನನ್ನು ಕರೆದೊಯ್ಯುತ್ತಾರೆ, ದನ ಮನೆ ಕಾಯಲು ಅಪ್ಪ ಊರಲ್ಲೇ ಉಳಿಯುತ್ತಾನೆ. ನೀರಾವರಿ ಊರಿರಲಿ, ಒಣ ಬೇಸಾಯದ ಊರಿರಲಿ, ಫಲ ಒಂದೇ: ಐವತ್ತು ವರ್ಷ ಒಂದೇ ಒಲೆಯ ಅನ್ನ ಉಂಡವರು ಕೊನೆಗಾಲಕ್ಕೆ ಎರಡು ಒಲೆಗಳ ಮುಂದೆ ಕೂರುತ್ತಾರೆ.

ಇಂಥ ಕತೆಗಳನ್ನು ನಾವು ಸಾಮಾನ್ಯವಾಗಿ ಋಣದ ಭಾಷೆಯಲ್ಲಿ ಓದುತ್ತೇವೆ. ಹೆತ್ತವರು ಸಾಕಿದರು, ಮಕ್ಕಳು ತೀರಿಸಲಿಲ್ಲ, ಕೊನೆಗೆ ಪಶ್ಚಾತ್ತಾಪಪಟ್ಟರು ಅಥವಾ ಪಡಲಿಲ್ಲ. ‘ಸ್ಕೂಲ್ ಮಾಸ್ಟರ್’ ನೋಡಿ ಕಣ್ಣೀರು ಹಾಕಿದವರೂ, 1972ರಲ್ಲಿ ಅದರ ತೆಲುಗು ರೂಪ ‘ಬಡಿ ಪಂತುಲು’ವಿನಲ್ಲಿ ಎನ್.ಟಿ. ರಾಮರಾವ್, ಅಂಜಲಿದೇವಿ ಜೋಡಿಯನ್ನು ಕಂಡವರೂ, 2003ರ ಹಿಂದಿ ‘ಬಾಗ್‌ಬಾನ್’ ಆಧರಿಸಿ 2007ರಲ್ಲಿ ವಿಜಯಲಕ್ಷ್ಮಿ ಸಿಂಗ್ ನಿರ್ದೇಶಿಸಿದ, ವಿಷ್ಣುವರ್ಧನ್ ಜಯಪ್ರದಾ ನಟಿಸಿದ ‘ಈ ಬಂಧನ’ ನೋಡಿದವರೂ ಹೆಚ್ಚಾಗಿ ಹೀಗೆಯೇ ಓದಿದ್ದಾರೆ. ಈ ಓದು ಸಾಲದು ಎಂದಷ್ಟೇ ಹೇಳಿ ನಾನು ಸುಮ್ಮನಾಗಲಾರೆ. ಅಗಲಿಕೆಯ ಬೇರು ಈ ಋಣದ ಲೆಕ್ಕದಲ್ಲೇ ಇದೆ. ಋಣವೆಂದ ಮೇಲೆ ಅದನ್ನು ಹಂಚಿಕೊಳ್ಳಬಹುದು. ಅಪ್ಪನದೊಂದು ಸಾಲ, ಅವ್ವನದೊಂದು ಸಾಲ, ಮಕ್ಕಳಿಬ್ಬರು. ತಲೆಗೊಂದು ತೀರಿಸಿದರೆ ಲೆಕ್ಕ ಚುಕ್ತಾ. ಹಾಗೆ ಹಂಚಿಕೊಂಡ ಮಗನನ್ನು ಋಣದ ಭಾಷೆಯಲ್ಲಿ ದೂರುವಂತೆಯೇ ಇಲ್ಲ. ಅವನು ಹೊತ್ತಿಗೆ ಸರಿಯಾಗಿ ರೊಟ್ಟಿ ಹಾಕಿದ್ದಾನೆ, ದವಾಖಾನೆಗೆ ತೋರಿಸಿದ್ದಾನೆ, ಹಬ್ಬಕ್ಕೆ ಬಟ್ಟೆ ತಂದಿದ್ದಾನೆ. ಆದರೂ ಏನೋ ಮುರಿದಿದೆ ಎಂದು ನಮಗೆ ಅನ್ನಿಸುತ್ತದಲ್ಲ, ಆ ಅನ್ನಿಸಿಕೆಗೆ ಋಣದ ಲೆಕ್ಕದಲ್ಲಿ ಹೆಸರಿಲ್ಲ. ಅಪ್ಪ ಅವ್ವ ಇಬ್ಬರನ್ನೂ ಬೇರೆ ಬೇರೆಯಾಗಿ ಸಾಕಬಹುದು, ಅವರ ದಾಂಪತ್ಯವನ್ನು ಬೇರೆ ಬೇರೆಯಾಗಿ ಸಾಕಲು ಬರುವುದಿಲ್ಲ. ಮಕ್ಕಳು ಹುಟ್ಟುವ ಮೊದಲೇ ಇದ್ದ ಸಂಬಂಧ ಅದು. ಮಕ್ಕಳು ಕೊಟ್ಟದ್ದಲ್ಲ, ಹಾಗಾಗಿ ಮಕ್ಕಳು ಹಂಚಿಕೊಳ್ಳುವ ಆಸ್ತಿಯೂ ಅಲ್ಲ.

ನಮ್ಮ ಕಾನೂನು ಕೂಡ ಇದೇ ಲೆಕ್ಕದೊಳಗೆ ನಿಂತಿದೆ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆ ಬಂದದ್ದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ವಕೀಲರಿಲ್ಲದೆ ಉಪವಿಭಾಗಾಧಿಕಾರಿಯ ಮುಂದೆ ಒಂದು ಅರ್ಜಿ ಕೊಟ್ಟು ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ 23ನೇ ಕಲಮಿನಡಿ ಆ ಪತ್ರವನ್ನೇ ರದ್ದು ಮಾಡಿಸಬಹುದು. ಆದರೆ ನಿರ್ವಹಣೆ ಎಂದರೆ ಏನೆಂದು ಕಾಯ್ದೆ ಹೇಳುವಾಗ ಎಣಿಸುವುದು ಅನ್ನ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆಗಳನ್ನು. ಗಂಡನಿಂದ ಹೆಂಡತಿಯನ್ನು ಅಗಲಿಸಬಾರದೆಂಬ ಒಂದು ಸಾಲು ಅಲ್ಲಿಲ್ಲ. ಹಿಂದೂ ವಿವಾಹ ಕಾಯ್ದೆಯ 9ನೇ ಕಲಮು ಸಹಜೀವನದ ಮಾತನಾಡುತ್ತದೆ ನಿಜ, ಅದು ಬಿಟ್ಟುಹೋದ ಗಂಡನ ಅಥವಾ ಹೆಂಡತಿಯ ವಿರುದ್ಧ. ನಡುವೆ ನಿಂತ ಮಗನ ವಿರುದ್ಧವಲ್ಲ. ಹಾಗೆಂದು ದಾರಿಯೇ ಮುಚ್ಚಿಲ್ಲ. ಅದೇ 2007ರ ಕಾಯ್ದೆಯ 4ನೇ ಕಲಮು, ಹೆತ್ತವರು ಸಹಜ ಜೀವನ ನಡೆಸಲು ಬೇಕಾದಷ್ಟು ಅಗತ್ಯಗಳನ್ನು ಪೂರೈಸುವುದು ಮಕ್ಕಳ ಹೊಣೆ ಎನ್ನುತ್ತದೆ. ಸಂಗಾತಿ ಬದುಕಿದ್ದಾಗ ಸಂಗಾತಿಯಿಲ್ಲದ ಜೀವನ ಯಾವ ಅರ್ಥದಲ್ಲಿ ಸಹಜ? ನ್ಯಾಯಮಂಡಳಿಯಲ್ಲಿ ಕೂರುವ ಅಧಿಕಾರಿ ಆ ಎರಡು ಪದಗಳನ್ನು ಮನಸ್ಸಿಟ್ಟು ಓದಿದರೆ ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ.

ಬಡತನದ ಆಕ್ಷೇಪ ಮೊದಲು ಬರುತ್ತದೆ. ಎರಡಂಕಣದ ಮನೆ, ಬೆಂಗಳೂರಿನ ತಗಡಿನ ಶೆಡ್ಡು, ದಿನಗೂಲಿ. ಅಂಥವನು ಇಬ್ಬರನ್ನೂ ಹೊರಬೇಕೆಂದರೆ ಅದು ಕ್ರೌರ್ಯವಲ್ಲವೇ? ಈ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಗುಳೆ ಹೋದವನು ಕಟ್ಟಡದ ಕೆಲಸ ಮುಗಿಯುವವರೆಗೆ ಎಲ್ಲಿ ಮಲಗುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಆದರೆ ಲೆಕ್ಕವನ್ನು ಸರಿಯಾಗಿ ಹಾಕೋಣ. ಇಬ್ಬರು ಮಕ್ಕಳು ತಲಾ ಒಬ್ಬರನ್ನು ವರ್ಷವಿಡೀ ಸಾಕುವುದಕ್ಕೂ, ಇಬ್ಬರನ್ನೂ ಒಟ್ಟಿಗೆ ಆರಾರು ತಿಂಗಳ ಪಾಳಿಯಲ್ಲಿ ಸಾಕುವುದಕ್ಕೂ ಕಾಳಿನ ಖರ್ಚು ಒಂದೇ. ಇಬ್ಬರನ್ನೂ ಊರ ಮನೆಯಲ್ಲೇ ಬಿಟ್ಟು, 65 ದಾಟಿದವರಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿಗೆ ಮಕ್ಕಳು ತಮ್ಮ ಪಾಲು ಸೇರಿಸಿ ಕಳಿಸಿದರೂ ಹೊರೆ ಹೆಚ್ಚುವುದಿಲ್ಲ. ಹೆಚ್ಚುವುದು ತೊಡಕು, ಮಾತುಕತೆ, ಅಣ್ಣತಮ್ಮಂದಿರ ನಡುವಿನ ಹೊಂದಾಣಿಕೆ. ಹಾಗಿದ್ದರೆ ನಾವು ಬಡತನದ ಹೆಸರಿನಲ್ಲಿ ಉಳಿಸುತ್ತಿರುವುದು ದುಡ್ಡನ್ನಲ್ಲ, ಒಬ್ಬರೊಡನೊಬ್ಬರು ಕೂತು ಮಾತಾಡುವ ಕಷ್ಟವನ್ನು. ಕೂಸು ನೋಡಿಕೊಳ್ಳಲು ಅವ್ವನೇ ಬೇಕು ಎನ್ನುವಾಗಲಂತೂ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಸಾಕುತ್ತಿರುವವಳು ಅವ್ವ, ಸಾಕಿಸಿಕೊಳ್ಳುತ್ತಿರುವವನು ಮಗ.

ಎರಡನೆಯ ಆಕ್ಷೇಪ ನನ್ನ ಮಟ್ಟಿಗೆ ಹೆಚ್ಚು ಭಾರದ್ದು. ಎಲ್ಲ ಮುಪ್ಪಿನ ದಾಂಪತ್ಯಗಳೂ ಮೇಷ್ಟ್ರ ದಾಂಪತ್ಯದಂತಲ್ಲ. ಹದಿನಾಲ್ಕು ಹದಿನೈದಕ್ಕೆ ಯಾರೂ ಕೇಳದೆ ಮದುವೆ ಮಾಡಿಕೊಟ್ಟ, ಜೀವಮಾನವೆಲ್ಲ ಗಂಡನ ಕುಡಿತ, ಬೈಗುಳ, ಏಟು ತಿಂದ ಹೆಣ್ಣಿಗೆ ಮಗಳ ಮನೆಯ ಮೂಲೆ ಸ್ವರ್ಗವಾಗಿರಬಹುದು. ಅವಳನ್ನು ‘ಒಟ್ಟಿಗೇ ಇರಬೇಕು’ ಎಂದು ಮತ್ತೆ ಅದೇ ಗಂಡನ ಪಕ್ಕಕ್ಕೆ ಕೂರಿಸಿದರೆ ನನ್ನ ವಾದವೇ ಅವಳಿಗೆ ಇನ್ನೊಂದು ಬೇಡಿಯಾಗುತ್ತದೆ. ಇದನ್ನು ಒಪ್ಪಿಕೊಂಡೇ ನನ್ನ ವಾದವನ್ನು ತಿದ್ದಿಕೊಳ್ಳುತ್ತೇನೆ. ಯೌವನದಲ್ಲಿ ನಾವು ಕಾಪಾಡಲು ಹೊರಟದ್ದು ಮದುವೆಯನ್ನಲ್ಲ, ಮದುವೆಯನ್ನು ಆರಿಸಿಕೊಳ್ಳುವ ಮನಸ್ಸನ್ನು. ಒಪ್ಪದ ಮದುವೆಯಿಂದ ಹೊರಬರುವ ಹಕ್ಕೂ ಅದೇ ಮಾತಿನ ಇನ್ನೊಂದು ಮುಖ. ಮುಪ್ಪಿನಲ್ಲಿಯೂ ಹಾಗೆಯೇ ಆಗಬೇಕು. ಅವರಿಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಬೇಕು, ಅವ್ವನನ್ನು ಮೊದಲು ಕೇಳಬೇಕು. ಪಾಲಿನ ದಿನ ಕಟ್ಟೆಯ ಮೇಲೆ ಅವಳ ಅಭಿಪ್ರಾಯ ಕೇಳುವ ವಾಡಿಕೆ ಇಲ್ಲವೆಂಬುದೇ ಈ ಇಡೀ ವ್ಯವಸ್ಥೆಯ ಮೂಲ ದೋಷ. ಕೇಳದೆ ಅಗಲಿಸಿದ್ದೂ ಕೇಳದೆ ಜೋಡಿಸಿದ್ದೂ ಅವಳ ಪಾಲಿಗೆ ಒಂದೇ ತಪ್ಪು.

ಇನ್ನು ಅಗಲಿಸಿದ ಮಕ್ಕಳೊಡನೆ ರಾಜಿಯ ಮಾತು. 1937ರಲ್ಲಿ ಅಮೆರಿಕದ ಲಿಯೋ ಮೆಕ್‌ಕೇರಿ ‘ಮೇಕ್ ವೇ ಫಾರ್ ಟುಮಾರೋ’ ಎಂಬ ಚಿತ್ರ ತೆಗೆದ. ಮನೆ ಬ್ಯಾಂಕಿನ ಪಾಲಾಗಿ, ಐವರು ಮಕ್ಕಳಿದ್ದೂ ಬೇರೆ ಬೇರೆ ಮನೆ ಸೇರಿದ ಮುದಿ ದಂಪತಿಯ ಕತೆ ಅದು. ಅದರ ಕೊನೆಯಲ್ಲಿ ರೈಲು ಗಂಡನನ್ನು ಕೊಂಡೊಯ್ಯುತ್ತದೆ, ಹೆಂಡತಿ ನಿಲ್ದಾಣದಲ್ಲಿ ಉಳಿಯುತ್ತಾಳೆ. ರಾಜಿ ಇಲ್ಲ. ಪಂತುಲು ಹಾಗೆ ಮುಗಿಸಲಿಲ್ಲ. ಮೇಷ್ಟ್ರ ಹಳೆಯ ಶಿಷ್ಯ, ಶಿವಾಜಿ ಗಣೇಶನ್ ವಹಿಸಿದ ಪೊಲೀಸ್ ಅಧಿಕಾರಿ, ಕೈತಪ್ಪಿದ ಮನೆಯನ್ನು ಗುರುವಿಗೆ ಮರಳಿ ಕೊಡಿಸುತ್ತಾನೆ. ಇದನ್ನು ಸುಲಭದ ಸುಖಾಂತ್ಯ ಎನ್ನುವವರಿದ್ದಾರೆ. ಎಲ್ಲ ಮೇಷ್ಟ್ರಿಗೂ ಅಂಥ ಶಿಷ್ಯ ಸಿಗುವುದಿಲ್ಲ ಎಂಬುದು ಸರಿ. ಆದರೂ ಆ ಕತೆ ಒಂದು ವಿಷಯವನ್ನು ಸರಿಯಾಗಿ ಗ್ರಹಿಸಿದೆ: ಮೊದಲು ಮರಳಬೇಕಾದದ್ದು ಸೂರು, ಮಕ್ಕಳ ಕ್ಷಮೆಯಾಚನೆ ಆಮೇಲೆ. ತಮ್ಮದೇ ಬಾಗಿಲು ಇರುವ ಮುದುಕರ ಮುಂದೆ ಮಗ ಬಂದು ನಿಂತರೆ ಅದು ರಾಜಿ. ಮಗನ ಪಡಸಾಲೆಯಲ್ಲಿ ಅತ್ತರೆ ಅದು ಬೇಡಿಕೆ. ಶಿವರಾಮ ಕಾರಂತರ ‘ಬೆಟ್ಟದ ಜೀವ’ದ ಮುದಿ ದಂಪತಿಯ ಬಾಳು, ಮನೆ ಬಿಟ್ಟ ಮಗನ ಕೊರಗಿನ ನಡುವೆಯೂ, ಚೂರಾಗದೆ ಉಳಿದದ್ದಕ್ಕೆ ಆ ಮನೆ ತೋಟ ಅವರ ಕೈಯಲ್ಲಿದ್ದುದೇ ಒಂದು ಕಾರಣ. ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಇನ್ನೊಂದು ಬಾಗಿಲು ತೆರೆಯುತ್ತದೆ. ಮರೆವಿನ ಕಾಯಿಲೆಯ ಅಪ್ಪ ಕಳೆದುಹೋಗುತ್ತಾನೆ. ಹುಡುಕಾಟದ ದಾರಿಯಲ್ಲಿ ಮಗನಿಗೆ ಸಿಗುವುದು ಅಪ್ಪ ಅವ್ವನನ್ನು ಪ್ರೀತಿಸಿದ ಕತೆ. ಅಪ್ಪನೆಂದರೆ ಅವ್ವನ ಗಂಡನೂ ಹೌದು ಎಂದು ತಿಳಿದ ಮೇಲೆಯೇ ಮಗ ಅವನ ಹತ್ತಿರ ಬರುತ್ತಾನೆ. ಮುಪ್ಪಿನ ಕುರಿತು ನಮ್ಮ ಚಿತ್ರರಂಗ ಹೇಳಿದ ಮಾತುಗಳಲ್ಲಿ ಇದನ್ನು ನಾನು ಬಹಳ ದೊಡ್ಡದೆಂದು ತಿಳಿಯುತ್ತೇನೆ.

ಆದ್ದರಿಂದ ಪಾಲು ಮಾಡಿಸಲು ಕೂರುವ ಹಿರಿಯರಲ್ಲಿ ಒಂದು ವಿನಂತಿ. ಪಟ್ಟಿಗೆ ಸಹಿ ಬೀಳುವ ಮುನ್ನ ಮುದುಕಿಯನ್ನು ಒಳಮನೆಯಿಂದ ಕರೆದು ಕೂರಿಸಿ, ಯಾರ ಜೊತೆ, ಎಲ್ಲಿ ಇರಲು ಇಷ್ಟ ಎಂದು ಕೇಳಿ, ಮುದುಕನನ್ನೂ ಕೇಳಿ. ಇಬ್ಬರೂ ಒಟ್ಟಿಗೆ ಎಂದರೆ ಒಂದು ಖೋಲಿ, ಒಂದು ಒಲೆ, ಒಂದಿಷ್ಟು ಹೊಲ ಇಬ್ಬರೂ ಬದುಕಿರುವವರೆಗೆ ಅವರ ಹೆಸರಿನಲ್ಲೇ ಉಳಿಯಲಿ ಎಂದು ಪಾಲುಪಟ್ಟಿಯಲ್ಲಿ ಬರೆಸಿ, ಪಹಣಿಯಲ್ಲಿ ಅವರ ಹೆಸರು ತೆಗೆಯಬೇಡಿ. ಹೊಲದ ಬದು ಎಲ್ಲಿ ಎಂದು ಅಳೆಯಲು ಇಡೀ ದಿನ ಕೊಡುತ್ತೀರಿ. ಇದಕ್ಕೆ ಅರ್ಧ ತಾಸು ಕೊಡಿ.