ದಿಂಬಿಗೆ ತಿಳಿದದ್ದು ಮನೆಯವರಿಗೆ ತಿಳಿಯದೇ?

ಬನಹಟ್ಟಿಯ ಒಂದು ನೇಕಾರರ ಮನೆಯನ್ನು ಕಲ್ಪಿಸಿಕೊಳ್ಳೋಣ. ಹೃದಯದ ಬಲ ಕುಂದಿದ ತಾಯಿ ರಾತ್ರಿ ಒಂದರ ಬದಲು ಮೂರು ದಿಂಬು ಇಟ್ಟುಕೊಂಡು ಮಲಗುತ್ತಾಳೆ. ಇಲ್ಲದಿದ್ದರೆ ಉಸಿರು ಕಟ್ಟುತ್ತದೆ. "ಯಾಕವ್ವಾ, ಆರಾಮ ಇಲ್ಲೇನು?" ಎಂದು ಮಗ ಕೇಳಿದರೆ, "ಏನಿಲ್ಲಪ್ಪಾ, ನೀ ಮಗ್ಗ ನೋಡು" ಎನ್ನುತ್ತಾಳೆ. ಬೆಳಗಾವಿಗೆ ಹೋದರೆ ಮಗ್ಗ ನಿಲ್ಲುತ್ತದೆ, ಸಾಲ ಆಗುತ್ತದೆ ಎಂಬುದು ಅವಳ ಲೆಕ್ಕ.

ಇಂಥ ರೋಗಿಗಳಿಗಾಗಿ ವಿಜ್ಞಾನ ಒಂದು ಉಪಾಯ ಕಂಡುಕೊಂಡಿದೆ. ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳದಲ್ಲಿ, ಬ್ಯಾಟರಿಯಾಗಲಿ ತಂತಿಯಾಗಲಿ ಇಲ್ಲದ 'ಕಾರ್ಡಿಯೋಮೆಮ್ಸ್' ಎಂಬ ಪುಟ್ಟ ಉಪಕರಣವನ್ನು ಇಡುತ್ತಾರೆ. ರೋಗಿ ದಿನವೂ ಆಂಟೆನಾ ಇರುವ ದಿಂಬಿನ ಮೇಲೆ ಮಲಗಿದರೆ, ಒಳಗಿನ ಒತ್ತಡದ ಅಳತೆ ದೂರದ ವೈದ್ಯರಿಗೆ ತಲುಪುತ್ತದೆ. ಏದುಸಿರು, ಕಾಲುಬಾವು ಕಾಣುವ ಎಷ್ಟೋ ದಿನ ಮೊದಲೇ ಈ ಒತ್ತಡ ಏರುತ್ತದೆ. ಆಗಲೇ ಮಾತ್ರೆಯ ಪ್ರಮಾಣ ಬದಲಿಸಬಹುದು. ಅಮೆರಿಕದಲ್ಲಿ 550 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ರೋಗಕ್ಕಾಗಿ ಆಸ್ಪತ್ರೆ ಸೇರುವುದು ಆರು ತಿಂಗಳಲ್ಲಿ ಶೇ. 28ರಷ್ಟು ಕಡಿಮೆಯಾಯಿತು. 2014ರಲ್ಲಿ ಅಲ್ಲಿ ಇದಕ್ಕೆ ಅನುಮತಿ ದೊರೆಯಿತು.

ತಾಯಿ ಮುಚ್ಚಿಟ್ಟದ್ದನ್ನು ಉಪಕರಣ ಬಯಲು ಮಾಡುವುದು ಸರಿಯೇ? ಅವಳು ತಿಳಿದು ಒಪ್ಪಿದರೆ ಸರಿ, ಬಲವಂತ ಸಲ್ಲದು. ಆದರೆ ದುಬಾರಿ ಉಪಕರಣಕ್ಕಾಗಿ ಹೊಲ ಮನೆ ಮಾರಲೇಬೇಕೇ? ಜಗದ್ಗುರು ಹನ್ನೆರಡನೆಯ ಪಯಸ್‌ರವರು 1957ರಲ್ಲಿ ವೈದ್ಯರಿಗೆ ಈ ವಿವೇಕವನ್ನು ತಿಳಿಸಿದ್ದರು: ತನಗಾಗಲಿ ಇತರರಿಗಾಗಲಿ ಭಾರೀ ಹೊರೆಯಾಗದ ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯ; ಅದಕ್ಕೆ ಮೀರಿದ್ದು ಕಡ್ಡಾಯವಲ್ಲ.

ಹಾಗಾದರೆ ಆ ಮನೆಯ ಸಾಮಾನ್ಯ ಸಾಧನ ಯಾವುದು? ತನ್ನ ಸಂಕಟವನ್ನು ಬಾಯಿಬಿಟ್ಟು ಹೇಳುವುದು. ತಾಯಿ ಅದನ್ನೂ ಮಗನಿಗೆ ಹೊರೆಯೆಂದು ಎಣಿಸಿದಳು. ಅದು ಪ್ರೀತಿಯೇ ನಿಜ, ಆದರೆ ದಾರಿ ತಪ್ಪಿದ ಪ್ರೀತಿ. ಇನ್ನು ಮಗ? "ಏನಿಲ್ಲ" ಎಂಬ ಮಾತನ್ನು ನಾವು ಬೇಗ ನಂಬುತ್ತೇವೆ. ನಂಬುವುದು ನಮಗೆ ಅನುಕೂಲ. ಉಪಕರಣ ಬಂದರೂ ಈ ದೋಷ ಹೋಗದು. ಒತ್ತಡ ಏರಿದೆ ಎಂದು ಅದು ಹೇಳೀತು. ತಾಯಿ ಯಾಕೆ ಸುಮ್ಮನಿದ್ದಳು ಎಂದು ಹೇಳಲಾರದು. ಅದನ್ನು ಯಾರಾದರೂ ಹತ್ತಿರ ಕುಳಿತು ಕೇಳಬೇಕು.

ಅಂಥ ಉಪಕರಣ ಎಟುಕದ ಮನೆಯಲ್ಲೂ ತೂಕದ ಯಂತ್ರ ಇಡಬಹುದು. ದಿನವೂ ಬೆಳಿಗ್ಗೆ ತೂಕ ನೋಡಿ, ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚಾದರೆ ಕೂಡಲೇ ವೈದ್ಯರಿಗೆ ತಿಳಿಸಿರಿ. ಉಪ್ಪು, ಉಪ್ಪಿನಕಾಯಿ ಕಡಿಮೆ ಮಾಡಿರಿ. ಇಂದು ರಾತ್ರಿ ನಿಮ್ಮ ಮನೆಯ ಹಿರಿಯರ ಹಾಸಿಗೆಯಲ್ಲಿ ದಿಂಬು ಎಷ್ಟಿವೆ, ಎಣಿಸಿರಿ. ಹೆಚ್ಚಿದ್ದರೆ ಒಮ್ಮೆ ಕೇಳಿರಿ. "ಏನಿಲ್ಲ" ಎಂದರೆ ಮತ್ತೊಮ್ಮೆ ಕೇಳಿರಿ.