ಎದ್ದು ನಿಲ್ಲುವ ಧರ್ಮ



ಶೂನ್ಯಸಂಪಾದನೆಯಲ್ಲಿ ಬರುವ ಒಂದು ಪ್ರಸಂಗವನ್ನು ತಾವೆಲ್ಲರೂ ಬಲ್ಲಿರಿ. ಪ್ರಭುದೇವರು ಸಿದ್ಧರಾಮಯ್ಯನವರೊಡನೆ ಕಲ್ಯಾಣಕ್ಕೆ ಬಂದು ಮಹಾಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಬಸವಣ್ಣನವರು ಒಳಗೆ ಇಷ್ಟಲಿಂಗಪೂಜೆಯಲ್ಲಿ ತಲ್ಲೀನರಾಗಿದ್ದಾರೆ. ಪೂಜೆಯಿಂದ ತಾವು ಏಳದೆ, ಬಂದವರನ್ನು ಕರೆತರಲು ಬೇರೆಯವರನ್ನು ಕಳುಹಿಸಿದರು. ಪ್ರಭುದೇವರು ಒಳಗೆ ಅಡಿಯಿಡಲಿಲ್ಲ. ಆಗ ಚೆನ್ನಬಸವಣ್ಣನವರು ಬಸವಣ್ಣನವರನ್ನು ಎಚ್ಚರಿಸಿದರು: ಬಾಗಿಲಿಗೆ ಬಂದ ಜಂಗಮವನ್ನು ನಿಲ್ಲಿಸಿ ಒಳಗೆ ಮಾಡುವ ಪೂಜೆ ಸಲ್ಲದೆಂಬುದು ಆ ಎಚ್ಚರಿಕೆಯ ಭಾವ. ಬಸವಣ್ಣನವರು ಎದ್ದು ಹೊರಗೆ ಬಂದು ಪ್ರಭುದೇವರಿಗೆ ಶರಣಾದರು.

ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಅಂಗೈಯಲ್ಲಿ ನೆಲೆಗೊಂಡ ಲಿಂಗದ ಮೇಲಿನ ದೃಷ್ಟಿಯೂ ಎದುರಿಗೆ ಒಂದು ಜೀವ ಬಂದು ನಿಂತಾಗ ಮೇಲಕ್ಕೆ ಏಳಬೇಕು ಎಂಬುದು ಒಂದು. ಚೆನ್ನಬಸವಣ್ಣನವರು ಬಸವಣ್ಣನವರ ಅಕ್ಕ ನಾಗಲಾಂಬಿಕೆಯವರ ಮಗ, ವಯಸ್ಸಿನಲ್ಲಿ ಕಿರಿಯರು. ಆ ಕಿರಿಯರ ಮಾತನ್ನು ಹಿರಿಯರು ತಲೆಬಾಗಿ ಕೇಳಿದರು ಎಂಬುದು ಇನ್ನೊಂದು. ಮೂವತ್ತು ವರ್ಷಗಳಿಂದ ಮಠದ ಶಾಲೆಯಲ್ಲಿ ಮಕ್ಕಳಿಗೆ ಈ ಪ್ರಸಂಗವನ್ನು ಬೋಧಿಸುತ್ತ ಬಂದವನು ನಾನು. ಆದರೆ ಅದು ನನಗೇ ಹೇಳಿದ ಪಾಠವೆಂದು ತಿಳಿದದ್ದು ಕಳೆದ ಶ್ರಾವಣಮಾಸದಲ್ಲಿ, ಒಂದು ಬಸ್ಸಿನೊಳಗೆ.

ಬಾಗಲಕೋಟೆಯಿಂದ ಕೂಡಲಸಂಗಮಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ನನಗೆ ಮೊದಲೇ ಆಸನ ದೊರೆತಿತ್ತು. ಎದುರಿನ ಸಾಲಿನಲ್ಲಿ ನಮ್ಮ ಶಾಲೆಯಲ್ಲೇ ಓದಿದ ಒಬ್ಬ ಹುಡುಗ ಕುಳಿತಿದ್ದ. ಕಿವಿಗೆ ತಂತಿ, ಅಂಗೈಯಲ್ಲಿ ಮೊಬೈಲು. ನಡುದಾರಿಯಲ್ಲಿ ಒಬ್ಬ ವೃದ್ಧೆ ಹತ್ತಿದಳು. ಕೂಲಿಯ ಕೈಗಳು, ತಲೆಯ ಮೇಲೆ ಗಂಟು, ಒಂದು ಕೈಯಲ್ಲಿ ಕಂಬಿ. ಬಸ್ಸು ತಿರುವಿದಾಗಲೆಲ್ಲ ಆಕೆ ತೂಗಾಡುತ್ತಿದ್ದಳು. ಹುಡುಗ ತಲೆಯೆತ್ತಲಿಲ್ಲ. ನನಗೆ ಸಿಟ್ಟು ಬಂದಿತು. ಹತ್ತು ಜನ ಕೇಳುವಂತೆ, "ಏ ಹುಡುಗಾ, ಇದೇನೇನೋ ನಿನಗೆ ಕಲಿಸಿದ್ದು? ಕಣ್ಣು ಕಾಣವೇನು?" ಎಂದು ಗದರಿದೆ. ಅವನು ದಿಗ್ಗನೆ ಎದ್ದ, ಮುಖ ಕೆಂಪೇರಿತು. "ಅಜ್ಜಿ ನಿಂತದ್ದು ನೋಡಲಿಲ್ರೀ ಗುರುಗಳ" ಎಂದ.

ಆ ಮುದುಕಿ ಅವನ ಬೆನ್ನು ತಡವಿ, ನನ್ನ ಕಡೆಗೆ ತಿರುಗಿ ನಗುತ್ತ ಹೇಳಿದಳು: "ಬೈಬ್ಯಾಡ್ರೀ ಯಪ್ಪಾ, ಸಣ್ಣ ಹುಡುಗ. ನೀವರ ಒಂಚೂರು ಸರೀರಿ, ಇಬ್ಬರೂ ಕುಂಡ್ರೂಣು."

ಬಂಧುಗಳೇ, ಆ ಮಾತಿನಲ್ಲಿ ಕೊಂಕಿರಲಿಲ್ಲ. ಆದರೂ ಅದು ನನ್ನ ಎದೆಗೆ ನಾಟಿತು. ಹುಡುಗ ಆಕೆಯನ್ನು ನೋಡಿರಲಿಲ್ಲ, ನಾನು ನೋಡಿದ್ದೆ. ನೋಡಿಯೂ ನನ್ನ ಆಸನದಲ್ಲಿ ಕುಳಿತೇ ಧರ್ಮವನ್ನು ಬೋಧಿಸಿದ್ದೆ. ಅಭ್ಯುತ್ಥಾನವೆಂದರೆ ಹಿರಿಯರ ಎದುರಿಗೆ ಎದ್ದು ನಿಲ್ಲುವುದೆಂದು ಶಬ್ದಾರ್ಥ ಹೇಳಿಕೊಟ್ಟವನು, ಏಳಬೇಕಾದ ಹೊತ್ತಿಗೆ ಇನ್ನೊಬ್ಬನನ್ನು ಎಬ್ಬಿಸಿದ್ದೆ. ಬರಮಾಡಿಕೊಳ್ಳಲು ಬೇರೆಯವರನ್ನು ಕಳುಹಿಸುವುದೆಂದರೆ ಇದೇ ಅಲ್ಲವೇ?

ಇಂದಿನ ತರುಣರಿಗೆ ಹಿರಿಯರಲ್ಲಿ ಮರ್ಯಾದೆಯಿಲ್ಲವೆಂಬ ದೂರು ಎಲ್ಲ ಕಡೆಯಲ್ಲೂ ಕೇಳಿಬರುತ್ತದೆ. ದೂರಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಬ್ಯಾಂಕಿನ ಸಾಲಿನಲ್ಲಿ ವೃದ್ಧರನ್ನು ತಳ್ಳಿ ಮುಂದೆ ಹೋಗುವವರಿದ್ದಾರೆ. ರಸ್ತೆ ದಾಟುವ ಅಜ್ಜನ ಬೆನ್ನ ಹಿಂದೆ ಮೋಟಾರುಬೈಕಿನ ಹಾರ್ನು ಬಾರಿಸಿ ನಗುವವರಿದ್ದಾರೆ. ಪರಿಚಯವಿಲ್ಲದ ಮುದುಕರನ್ನು ಏಕವಚನದಲ್ಲಿ ಕೂಗುವವರಿದ್ದಾರೆ. ಇದು ಸಣ್ಣ ದೋಷವಲ್ಲ. ಗೌರವದ ಒಂದು ಸಂಬೋಧನೆಯಲ್ಲಿ ಮೇಲಿನ ಲೋಕವನ್ನೂ ತಿರಸ್ಕಾರದ ಒಂದು ಸಂಬೋಧನೆಯಲ್ಲಿ ಅಧೋಲೋಕವನ್ನೂ ಬಸವಣ್ಣನವರು ತೋರಿಸಿಕೊಟ್ಟರು. ಪರಲೋಕದ ಲೆಕ್ಕವನ್ನು ಅವರು ದಿನದಿನದ ಮಾತಿನೊಳಗೇ ತಂದಿಟ್ಟರು.

ಆದರೆ ಆ ಮಾತನ್ನು ಮಕ್ಕಳು ಎಲ್ಲಿ ಕಲಿಯುವರು? ನಮ್ಮ ಮನೆಯ ಅಂಗಳದಲ್ಲಿಯೇ. ಎಪ್ಪತ್ತು ವರ್ಷದ ಆಳಿನ ಮನುಷ್ಯನನ್ನು ಯಜಮಾನನು "ಏ, ಬಾರೋ ಇಲ್ಲಿ" ಎಂದು ಕರೆಯುವುದನ್ನು ಮಗು ಕೇಳುತ್ತದೆ. ಕಸ ಗುಡಿಸುವ ತಾಯಿಗೆ ನೀರು ಕೊಡುವಾಗ ಲೋಟವನ್ನು ಬೇರೆಯಾಗಿಟ್ಟದ್ದನ್ನು ಮಗು ನೋಡುತ್ತದೆ. ಅದೇ ಮಗುವಿಗೆ ಸಂಜೆ ನಾವು ಹಿರಿಯರಿಗೆ ನಮಸ್ಕರಿಸೆಂದು ಉಪದೇಶಿಸುತ್ತೇವೆ. ಮಗು ಎರಡನ್ನೂ ಕೂಡಿಸಿ ನೋಡಿ, ಒಳ್ಳೆಯ ಅಂಗಿ ತೊಟ್ಟ ಹಿರಿಯರಿಗಷ್ಟೇ ಏಳಬೇಕೆಂಬ ಸಿದ್ಧಾಂತಕ್ಕೆ ಬರುತ್ತದೆ. ಶರಣರ ಪದ್ಧತಿ ಇದಾಗಿರಲಿಲ್ಲ. ಬಿಜ್ಜಳನ ರಾಜ್ಯದಲ್ಲಿ ಭಂಡಾರಿಯಾಗಿದ್ದ ಬಸವಣ್ಣನವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರಂಥ ಶರಣರನ್ನು ತಮ್ಮ ಮನೆಯ ಹಿರಿಯರ ಸ್ಥಾನದಲ್ಲಿಟ್ಟು, ಬಂಧುವಾಚಕಗಳಿಂದ ಕರೆದು ಧನ್ಯರಾದರು. ಕುಲವನ್ನು ಕೇಳದೆ, ಉಡುಪನ್ನು ನೋಡದೆ ಸಲ್ಲಿಸುವ ಗೌರವವೇ ಗೌರವ. ಉಳಿದದ್ದು ಅಂಜಿಕೆ ಅಥವಾ ವ್ಯವಹಾರ.

ವೃದ್ಧ ಎಂಬ ಶಬ್ದವನ್ನಾದರೂ ವಿಚಾರಿಸಿ ನೋಡಬಹುದು. ಅದು ಬೆಳೆಯುವುದೆಂಬ ಅರ್ಥದ ವೃಧ್ ಧಾತುವಿನಿಂದ ಬಂದದ್ದು. ವೃದ್ಧಿ ಎಂಬುದೂ ಅದರ ಕುಡಿಯೇ. ನಮ್ಮ ಪೂರ್ವಿಕರು ಮುಪ್ಪಿನಲ್ಲಿ ಸವೆತವನ್ನಷ್ಟೇ ಕಾಣದೆ ಬೆಳವಣಿಗೆಯನ್ನು ಕಂಡಿದ್ದರು. ಹಾಗೆಂದು ನರೆತ ಮಾತ್ರಕ್ಕೆ ಎಲ್ಲರೂ ಜ್ಞಾನಿಗಳೆಂದು ಶರಣರು ಒಪ್ಪಿದವರಲ್ಲ. ತರುಣಿಯಾದ ಅಕ್ಕಮಹಾದೇವಿಯವರ ಮಾತನ್ನು ಅನುಭವಮಂಟಪದ ಹಿರಿಯರು ಪರೀಕ್ಷಿಸಿ ಕೇಳಿ, ಕೊನೆಗೆ ಗೌರವಿಸಿದರು. ಎಳೆಯರ ಅರಿವಿಗೆ ಹಿರಿಯರ ಮನ್ನಣೆ, ಹಿರಿಯರ ದೇಹಶ್ರಮಕ್ಕೆ ಎಳೆಯರ ಆಸರೆ. ಈ ಕೊಡುಕೊಳ್ಳುವಿಕೆಯಿಂದಲೇ ಶರಣಸಮಾಜ ನಿಂತಿತ್ತು.

ಸರ್ಕಾರವೂ ತನ್ನ ಕೆಲಸವನ್ನು ಮಾಡಿದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಕಾನೂನು ಬಂದಿತು. ನಮ್ಮ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ 60 ವರ್ಷ ತುಂಬಿದವರಿಗೆ ಟಿಕೇಟಿನಲ್ಲಿ ಶೇಕಡಾ 25 ರಿಯಾಯಿತಿಯುಂಟು. ಅವರಿಗೆಂದು ಬರೆದಿಟ್ಟ ಆಸನಗಳೂ ಉಂಟು. 2011ರ ಜನಗಣತಿಯಲ್ಲೇ ದೇಶದಲ್ಲಿ 60 ವರ್ಷ ಮೀರಿದವರ ಸಂಖ್ಯೆ 10 ಕೋಟಿಯನ್ನು ದಾಟಿತ್ತು. ಇಷ್ಟು ಜನಕ್ಕೆ ಜೀವನಾಂಶವನ್ನು ನ್ಯಾಯಮಂಡಳಿ ಕೊಡಿಸಬಹುದು, ಆಸನದ ಮೇಲೆ ಹೆಸರು ಬರೆಸಬಹುದು. ಆ ಹೆಸರನ್ನು ಓದಿಯೂ ಓದದಂತೆ ಕುಳಿತವನನ್ನು ಎಬ್ಬಿಸುವ ಶಕ್ತಿ ಅವನ ಅಂತಃಕರಣಕ್ಕೆ ಮಾತ್ರ ಇದೆ.

ಆದುದರಿಂದ ಗೃಹಸ್ಥರಲ್ಲಿ ನನ್ನದು ಕೆಲವು ಅರಿಕೆಗಳು. ಮನೆಗೆ ಯಾವ ವೃದ್ಧರೇ ಬರಲಿ, ಹಾಲು ಮಾರುವವರಾಗಲಿ, ಕಂತೆ ಭಿಕ್ಷೆಯವರಾಗಲಿ, ಮೊದಲು ತಾವು ಏಳಿರಿ. ಮಕ್ಕಳು ತಾವಾಗಿ ಏಳುವರು. ವಯಸ್ಸಾದವರನ್ನು ಅಜ್ಜ, ಅಜ್ಜಿ, ಕಾಕಾ, ದೊಡ್ಡವ್ವ ಎಂದು ಕರೆಯುವ ರೂಢಿಯನ್ನು ಬಿಡಗೊಡಬೇಡಿರಿ. ದಾಸೋಹದ ಪಂಕ್ತಿಯಲ್ಲಿ ನೆಲಕ್ಕೆ ಕೂರಲಾರದವರಿಗೆ ಮೊದಲು ಸ್ಥಳ ಕಲ್ಪಿಸುವ ಕೆಲಸವನ್ನು ಹುಡುಗರಿಗೇ ವಹಿಸಿರಿ. ಬ್ಯಾಂಕಿನ ಯಂತ್ರದ ಮುಂದೆ, ಆಸ್ಪತ್ರೆಯ ಚೀಟಿಯ ಮುಂದೆ ತಡವರಿಸುವ ಅಜ್ಜನಿಗೆ ಮೊಬೈಲು ಬಲ್ಲ ಹುಡುಗ ಐದು ನಿಮಿಷ ನೆರವಾದರೆ ಅದೂ ದಾಸೋಹವೇ. ತನು, ಮನ, ಧನಗಳಲ್ಲಿ ತರುಣರಿಗೆ ಧನವಿಲ್ಲದಿರಬಹುದು, ತನುವಂತೂ ಇದೆ. ಇನ್ನು ಹಿರಿಯರಲ್ಲಿಯೂ ಒಂದು ಬಿನ್ನಹ: ಎದ್ದು ಸ್ಥಳ ಕೊಟ್ಟ ಹುಡುಗನಿಗೆ ಒಂದು ಒಳ್ಳೆಯ ಮಾತು ಹೇಳಿರಿ, ಏಳದವನನ್ನು ಹತ್ತು ಜನರ ಮುಂದೆ ಅವಮಾನಿಸಬೇಡಿರಿ. ಅವಮಾನದಿಂದ ಎದ್ದವನು ನಾಳೆ ಮತ್ತೆ ಏಳಲಾರನು.

ಅಂದು ನಾನು ಎದ್ದು ಆ ತಾಯಿಗೆ ಆಸನವನ್ನು ಬಿಟ್ಟುಕೊಟ್ಟೆ. ಹುಡುಗನ ಸ್ಥಳದಲ್ಲಿ ಬೇರೊಬ್ಬರು ಆಗಲೇ ಕುಳಿತಿದ್ದರು. ನಾವಿಬ್ಬರೂ ಒಂದೇ ಕಂಬಿಯನ್ನು ಹಿಡಿದು ನಿಂತೆವು. "ತಮ್ಮಾ, ಗದರಿಸಿದ್ದು ನನ್ನ ತಪ್ಪು" ಎಂದೆ. ಅವನು ಏನೂ ಹೇಳದೆ ಮೊಬೈಲನ್ನು ಜೇಬಿಗೆ ಸೇರಿಸಿ, ಅಜ್ಜಿಯ ಗಂಟನ್ನು ತನ್ನ ಕಾಲ ಬಳಿ ಎಳೆದಿಟ್ಟುಕೊಂಡ. ಸಂಗಮದಲ್ಲಿ ಇಳಿದ ಮೇಲೆ ಆ ಗಂಟನ್ನು ಅವನೇ ಹೊತ್ತು ನದಿಯ ಮೆಟ್ಟಿಲವರೆಗೆ ಆಕೆಯ ಜೊತೆ ನಡೆದುಹೋದ. ನಾನು ಹೇಳಿರಲಿಲ್ಲ.